ಒಂದು ತಾಸಿನ ಬೆಂಗಳೂರು

ವಿಜಯಪುರಕ್ಕೆ ವಿಮಾನ ಬರುತ್ತದಂತೆ ಎಂದು ನಮ್ಮೂರು ಮೋರಟಗಿಯ ಚಹದಂಗಡಿಯಲ್ಲೂ ಜನ ಮಾತಾಡುತ್ತಿದ್ದ ದಿನಗಳವು. ಇನ್ನೂ ಬಾರದ ಆ ವಿಮಾನದಲ್ಲಿ ನಮ್ಮವ್ವ ನನ್ನನ್ನು ಹತ್ತಿಸಿಯೇ ಬಿಟ್ಟಿದ್ದಳು, ಬರೀ ಬಾಯಿಮಾತಿನಲ್ಲಿ.

ಅಪ್ಪನ ತಂಗಿ, ನಮ್ಮ ಅತ್ತೆ, ಬೆಂಗಳೂರಿನಲ್ಲಿದ್ದಳು. ಮಕ್ಕಳಿರಲಿಲ್ಲ. ನನ್ನನ್ನು ಅವಳ ಮನೆಯಲ್ಲಿಟ್ಟು ಓದಿಸುವುದೆಂದು ಹಿರಿಯರು ಮಾತಾಡಿಕೊಂಡಿದ್ದರು. ನಾನಾಗ ಮೂರನೇ ಇಯತ್ತೆ. ಒಲ್ಲೆನೆಂದು ರಚ್ಚೆ ಹಿಡಿದೆ. ರೊಟ್ಟಿ ಬಡಿಯುತ್ತಿದ್ದ ಅವ್ವ ಕೈ ನಿಲ್ಲಿಸದೆ ಹೇಳಿದಳು:

"ಹುಚ್ಚಿ, ವಿಮಾನದಾಗ ಒಂದ್ ತಾಸಿನ ಹಾದಿ. ನೀ ಫೋನ್ ಮಾಡು, ನಾ ಬಂದ್ ನಿಂದಿರ್ತೇನಿ."

"ಒಂದ್ ತಾಸಂದ್ರ ಎಷ್ಟ್ ದೂರಬೇ?"

"ನಾ ಸಿಂದಗಿ ಸಂತಿಗೆ ಹೋಗೂದಿಲ್ಲೇನು? ಅಷ್ಟ."

ಸಂತೆಗೆ ಹೋದ ಅವ್ವ ಚುರುಮುರಿ, ಭಜಿ ಕಟ್ಟಿಸಿಕೊಂಡು ಹೊತ್ತು ಮುಳುಗುವುದರೊಳಗೆ ಬಂದೇ ಬರುತ್ತಿದ್ದಳು. ಬೆಂಗಳೂರೂ ಅಷ್ಟೇ ದೂರವಿದ್ದರೆ ನನಗೇನು ಅಂಜಿಕೆ? ಹೂಂ ಅಂದುಬಿಟ್ಟೆ.

ಹೋದದ್ದು ಬಸ್ಸಿನಲ್ಲಿ. "ವಿಮಾನ ದಸರಾಕ್ಕ ಚಾಲೂ ಆಗ್ತೈತಿ" ಎಂದಳು ಅವ್ವ. ನಾನು ಮಲಗಿ ಎದ್ದೆ, ಮತ್ತೆ ಮಲಗಿ ಎದ್ದೆ, ಬೆಂಗಳೂರು ಬರಲೊಲ್ಲದು. ಅತ್ತೆಯ ಮನೆಯಲ್ಲಿ ಬುತ್ತಿಯ ಗಂಟು ಬಿಚ್ಚಿದರೆ ಡಬ್ಬಿ ತುಂಬ ಖಡಕ್ ರೊಟ್ಟಿ, ಶೇಂಗಾ ಚಟ್ನಿ. ನಮ್ಮ ಕಡೆ ನಾಳೆಯೇ ಮರಳುವವರಿಗೆ ಮೆತ್ತನೆಯ ರೊಟ್ಟಿ ಕಟ್ಟುತ್ತಾರೆ. ತಿಂಗಳುಗಟ್ಟಲೆ ಬಾರದವರಿಗೆ ಒಣಗಿಸಿದ ಖಡಕ್ ರೊಟ್ಟಿ. ಅವನ್ನು ಡಬ್ಬಿಯಲ್ಲಿ ಜೋಡಿಸಿದವಳೂ ನಾನೇ, ಅತ್ತೆಗೆ ಇರಬೇಕೆಂದುಕೊಂಡು!

ಮರುದಿನ ಎದ್ದರೆ ಅವ್ವ ಇಲ್ಲ. ಒಂದು ಮಾತು ಹೇಳದೆ ಹೋಗಿದ್ದಳು. ಅವಳು ಊರು ಮುಟ್ಟಿದ್ದೇ ತಡ ಫೋನ್ ಹಚ್ಚಿಸಿದೆ.

"ಅವ್ವಾ, ಈಗ ಬಾ."

"ಬರ್ತೇನಿ ನನ್ನವ್ವ, ಈಗ ಹೊಂಡತೇನಿ."

ಗೋಡೆಯ ಗಡಿಯಾರದ ಕೆಳಗೆ ಕೂತೆ. ದೊಡ್ಡ ಮುಳ್ಳು ಒಂದು ಸುತ್ತು ಹಾಕಿತು. ಎದ್ದು ಬಾಗಿಲು ತೆಗೆದಿಟ್ಟೆ. ಇನ್ನೊಂದು ಸುತ್ತು. ಕಡೆಗೆ ಅತ್ತೆ ಬಂದು ತಲೆ ಸವರಿದಳು. "ಊಟ ಮಾಡೇಳವ್ವ. ಯಾರೂ ಬರಂಗಿಲ್ಲ." ಖರೆ ಹೇಳಿದವಳು ಅವಳೊಬ್ಬಳೇ, ಸಿಟ್ಟಿನಲ್ಲಿ ನಾನು ಹೊಡೆದದ್ದೂ ಅವಳನ್ನೇ.

ಡಬ್ಬಿಯ ತಳ ಕಂಡ ಎಷ್ಟೋ ದಿನಗಳ ಮೇಲೆ ಅವ್ವ ಬಂದಳು, ಬಸ್ಸಿನಲ್ಲಿ. "ಬಾರೇ" ಎಂದು ಕೈಚಾಚಿದಳು. ನಾನು ಅತ್ತೆಯ ಬೆನ್ನ ಹಿಂದೆ ನಿಂತೆ.

ಈಗ ನಾನು ಬೆಂಗಳೂರಿನವಳೇ. ಅತ್ತೆ ಪ್ರೀತಿಯಿಂದ ಸಾಕಿದಳು, ಓದಿಸಿದಳು, ಅದಕ್ಕೆ ಬೇಸರವಿಲ್ಲ. ಆದರೆ ನನಗೆ ಖರೆ ಹೇಳಿಯೇ ಕಳಿಸಬಹುದಿತ್ತಲ್ಲ? ಅತ್ತುಕೊಂಡಾದರೂ ಹೋಗುತ್ತಿದ್ದೆ. ಅವ್ವ ಹೇಳಿದ್ದನ್ನು ಹೇಳಿದಂತೆ ನಂಬುವ ಆ ಸುಖ ಅಲ್ಲಿಗೇ ಮುಗಿಯಿತು.

ಹೋದ ಸಲ ಊರಿನಿಂದ ಹೊರಟಾಗ ಬುತ್ತಿಯ ಗಂಟು ಕೈಗಿಡುತ್ತ ಅವ್ವ ಅಂದಳು, "ಮುಂದಿನ ವಾರ ನಿನ್ನ ಕಡೆ ಬರ್ತೇನಿ, ನೋಡ್ತಿರು."

"ಬಾ" ಎಂದೆ. ಬಸ್ಸು ಸಿಂದಗಿ ದಾಟುವ ಮೊದಲೇ ಗಂಟಿನೊಳಗೆ ಕೈಹಾಕಿ ರೊಟ್ಟಿ ಮುಟ್ಟಿ ನೋಡಿದೆ. ಖಡಕ್ಕಾಗಿದ್ದವು.