ಮೂರನೇ ನಂಬರಿನ ಡ್ರಮ್

1974ರ ಬೇಸಿಗೆಯಲ್ಲಿ ನಾನು ಸೊಲ್ಲಾಪುರದ ಅಕ್ಕಲಕೋಟ ರಸ್ತೆ ಎಂಐಡಿಸಿ ಕೈಗಾರಿಕಾ ವಸಾಹತಿನ ಒಂದು ಟವೆಲ್ ಕಾರಖಾನೆಗೆ ಸಂಖ್ಯಾ ಸಹಾಯಕನಾಗಿ ಸೇರಿದೆ. ವಯಸ್ಸು ಇಪ್ಪತ್ತೆರಡು. ಸಂಖ್ಯಾಶಾಸ್ತ್ರದಲ್ಲಿ ಬಿ.ಎಸ್‌ಸಿ. ಮುಗಿದು ಎರಡು ತಿಂಗಳಾಗಿತ್ತು. ಮುಂದೆ ಬಹಳ ವರ್ಷ ಕಾಲೇಜಿನಲ್ಲಿ ಅದೇ ವಿಷಯ ಕಲಿಸಿದೆ. ಪ್ರತಿ ವರ್ಷದ ಮೊದಲ ಪಾಠ ಒಂದೇ: ದತ್ತಾಂಶದ ಬಗೆಗಳು, ಅಳತೆಯ ಮಟ್ಟಗಳು. ಆ ಪಾಠಕ್ಕೆ ನಿಂತಾಗಲೆಲ್ಲ ಆ ಕಾರಖಾನೆ ನೆನಪಾಗುತ್ತಿತ್ತು. ಒಬ್ಬ ಹೆಂಗಸಿನ ಉಸಿರು ಮತ್ತು ಕೆಲಸ ಎರಡೂ ನಾನು ಬರೆದ ಮೂರು ಅಂಕಿಗಳಿಂದ ಹೋಗುವುದರಲ್ಲಿದ್ದವು.

ಆಕೆಯ ಹೆಸರು ಕಸ್ತೂರಿಬಾಯಿ. ನಲವತ್ತೈದು ದಾಟಿರಬೇಕು. ಅಕ್ಕಲಕೋಟದವಳು, ಕೆಲಸಕ್ಕಾಗಿ ಸೊಲ್ಲಾಪುರದಲ್ಲಿ ಇದ್ದವಳು. ಬ್ಲೀಚಿಂಗ್ ಶೆಡ್ಡಿನಲ್ಲಿ, ಅಂದರೆ ನೇಯ್ದ ಬಟ್ಟೆಯನ್ನು ಬೆಳ್ಳಗೆ ಮಾಡುವ ಜಾಗದಲ್ಲಿ, ದುಡಿಯುತ್ತಿದ್ದಳು. ಆ ಶೆಡ್ಡು ನನಗೆ ಈಗಲೂ ಕನಸಿನಂತೆಯೇ ಕಾಣುತ್ತದೆ. ಉದ್ದುದ್ದ ಟವೆಲ್ ಥಾನುಗಳು ತೊಲೆಯಿಂದ ಇಳಿಬಿದ್ದು ಗಾಳಿಗೆ ಮೆಲ್ಲಗೆ ಹೊಯ್ದಾಡುತ್ತಿದ್ದವು. ತಗಡಿನ ಸಂದಿಯಿಂದ ಬಿದ್ದ ಬಿಸಿಲು ಹಬೆಯಲ್ಲಿ ಕರಗಿ ಹೋಗುತ್ತಿತ್ತು. ಒಳಗೆ ಯಾರು ನಡೆದರೂ ನೀರಿನಡಿ ನಡೆದಂತೆ ಕಾಣುತ್ತಿತ್ತು.

ಶೆಡ್ಡಿನಲ್ಲಿ ಬಟ್ಟೆ ಅದ್ದುವ ತೊಟ್ಟಿ, ಅದರ ಪಕ್ಕ ಮೂರು ಡ್ರಮ್ ಇದ್ದವು. ಒಂದರಲ್ಲಿ ಆ್ಯಸಿಡ್, ಒಂದರಲ್ಲಿ ಬ್ಲೀಚ್ ದ್ರಾವಣ, ಇನ್ನೊಂದರಲ್ಲಿ ಹೈಪೋ. ಬಟ್ಟೆಯಲ್ಲಿ ಉಳಿದ ಬ್ಲೀಚಿನ ಅಂಶವನ್ನು ಕೊನೆಗೆ ತೆಗೆಯುವುದು ಈ ಹೈಪೋ. ಕೆಲಸದವರು ಇವಕ್ಕೆ ಹುಳಿನೀರು, ಬಿಳಿನೀರು, ತೊಳಿನೀರು ಅನ್ನುತ್ತಿದ್ದರು. ನನ್ನ ರಜಿಸ್ಟರಿನ ಅಂಕಣಗಳಲ್ಲಿ ಅಷ್ಟುದ್ದದ ಹೆಸರು ಹಿಡಿಯುತ್ತಿರಲಿಲ್ಲ. ಸೇರಿದ ಮೊದಲ ವಾರವೇ ಬಿಳಿ ಬಣ್ಣ ತರಿಸಿ, ಬಾಗಿಲಿನಿಂದ ನಿಂತ ಸಾಲಿಗೆ ಸರಿಯಾಗಿ ಡ್ರಮ್ಮುಗಳ ಮೇಲೆ 1, 2, 3 ಎಂದು ಬರೆದೆ. ಆ್ಯಸಿಡ್ ಒಂದು, ಬ್ಲೀಚ್ ಎರಡು, ಹೈಪೋ ಮೂರು. ಹಳೆಯ ಹೆಸರು ಇನ್ನು ಬೇಡ, ನಂಬರೇ ಹೇಳಬೇಕು ಎಂದು ಎಲ್ಲರಿಗೂ ತಾಕೀತು ಮಾಡಿದೆ.

"ಹೆಸರಿದ್ದವಕ್ಕ ಯಾಕ ನಂಬರ ಹಚ್ಚಾಕತ್ತೀರಿ ಲೆಕ್ಕದ ಸಾಹೇಬ್ರ?" ಎಂದು ಕಸ್ತೂರಿಬಾಯಿ ಕೇಳಿದಳು. "ನಾಳಿ ನಮಗೂ ಹಚ್ಚತೀರೇನು?"

"ಕೆಲಸ ಸಲೀಸ ಆಗ್ತದ ಮಾವ್ಶಿ" ಎಂದೆ. ಅಲ್ಲಿ ಹಿರಿಯ ಹೆಂಗಸರನ್ನು ಎಲ್ಲರೂ ಮಾವ್ಶಿ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದರು.

ತಿಂಗಳ ಕೊನೆಗೆ ನಾನೊಂದು ವರದಿ ಬರೆದೆ. ದಿನಾ ಬಳಸಿದ ಡ್ರಮ್ಮಿನ ನಂಬರುಗಳನ್ನೆಲ್ಲ ಕೂಡಿಸಿ, ಭಾಗಿಸಿ, ಸರಾಸರಿ 2.3 ಎಂದು ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದೆ. ಬಣ್ಣದ ಮನೆಯ, ಅಂದರೆ ನೂಲಿಗೆ ಬಣ್ಣ ಹಾಕುವ ವಿಭಾಗದ, ಮುಖ್ಯಸ್ಥ ನರಸಪ್ಪ ಮಾಸ್ತರ ಕನ್ನಡಕ ಏರಿಸಿ ಅದನ್ನು ಓದಿದರು.

"ಎರಡನೇ ಡ್ರಮ್ ದಾಟಿ ಮೂರನೇದಕ್ಕ ಹೋಗೂ ಹಾದ್ಯಾಗ ನಿಂತ್ರ ನಿಮ್ಮ ಸರಾಸರಿ ಸಿಗ್ತದೇನ್ರಿ ಸಾಹೇಬ್ರ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಕಾಲೇಜಿನಲ್ಲಿ ಇದನ್ನು ಓದಿ ಪರೀಕ್ಷೆಯಲ್ಲಿ ಬರೆದು ಬಂದಿದ್ದವನು ನಾನು. ಅಳತೆಗೆ ನಾಲ್ಕು ಮಟ್ಟ. ಹೆಸರಿನ ಬದಲು ಬಳಸುವ ಅಂಕಿ ನಾಮಿನಲ್. ಅದಕ್ಕೆ ದೊಡ್ಡದು ಚಿಕ್ಕದು ಇಲ್ಲ, ಕೂಡಿಸುವಂತಿಲ್ಲ. ಟವೆಲುಗಳಿಗೆ ಹಾಕುವ ಮೊದಲ ದರ್ಜೆ, ಎರಡನೇ ದರ್ಜೆ ಆರ್ಡಿನಲ್; ಯಾವುದು ಮೇಲು ಎಂದು ಹೇಳುತ್ತದೆ, ಎಷ್ಟು ಮೇಲು ಎಂದಲ್ಲ. ಥರ್ಮಾಮೀಟರಿನ ಸೆಲ್ಸಿಯಸ್ ಡಿಗ್ರಿ ಇಂಟರ್ವಲ್. ಅಂತರ ಸರಿಯಾಗಿದ್ದರೂ ನಲವತ್ತು ಡಿಗ್ರಿ ಇಪ್ಪತ್ತರ ಎರಡು ಪಟ್ಟು ಬಿಸಿಯಲ್ಲ. ತಕ್ಕಡಿಯ ಕಿಲೋ ರೇಶಿಯೋ. ಅಲ್ಲಿ ಸೊನ್ನೆ ನಿಜವಾದ ಸೊನ್ನೆ, ಎರಡು ಪಟ್ಟು ಎಂದರೆ ಎರಡು ಪಟ್ಟೇ. ಇಷ್ಟೆಲ್ಲ ಬಾಯಿಪಾಠವಿತ್ತು. ಆದರೂ ಆ 2.3 ಅನ್ನು ನಾನು ಹೊಡೆದು ಹಾಕಲಿಲ್ಲ. ಅದು ಚೆಂದ ಕಾಣುತ್ತಿತ್ತು.

ಜುಲೈ ತಿಂಗಳ ಒಂದು ಮುಂಜಾನೆ ಕಸ್ತೂರಿಬಾಯಿ ನನ್ನ ಮೇಜಿನ ಹತ್ತಿರ ಬಂದು ನಿಂತಳು.

"ಮೂರನೇ ನಂಬರ ಖಾಲಿ ಆಗ್ಯದ್ರಿ. ಥಾನು ತೊಟ್ಟಿ ಮುಂದ ಬಿದ್ದಾವ. ಏನ ಮಾಡ್ಲಿ?"

ನಾನು ಒಂದು ಅಂಕಣ ಕೂಡಿಸುತ್ತಿದ್ದೆ. ತಲೆ ಎತ್ತಲಿಲ್ಲ. "ನೀವ ನೋಡ್ಕೋರಿ ಮಾವ್ಶಿ" ಎಂದೆ.

ಸ್ವಲ್ಪ ಹೊತ್ತಿಗೆ ಮೂಗಿಗೆ ಏನೋ ಚುಚ್ಚಿದಂತಾಯಿತು. ಎದ್ದು ಶೆಡ್ಡಿನ ಬಾಗಿಲಿಗೆ ಹೋದೆ. ತೊಟ್ಟಿಯ ಅಂಚಿನಿಂದ ಹಳದಿ ಬೆರೆತ ಹಸಿರು ಹೊಗೆಯೊಂದು ಇಳಿದು ನೆಲದ ಮೇಲೆ ಹರಿಯುತ್ತಿತ್ತು. ಹೊಗೆ ಮೇಲೆ ಹೋಗಬೇಕಲ್ಲ, ಇದೇಕೆ ನೀರಿನಂತೆ ಹರಿಯುತ್ತಿದೆ ಎಂದು ನೋಡುತ್ತ ನಿಂತೆ. ಎಳೆಯ ಜೋಳದ ಬಣ್ಣ. ಬಿಳಿ ಥಾನುಗಳ ಬುಡ ಅದರಲ್ಲಿ ಮುಳುಗಿದ್ದವು. ಹೇಳಲು ನಾಚಿಕೆಯಾಗುತ್ತದೆ, ಆ ಕ್ಷಣ ನನಗೆ ಅದು ಸುಂದರವಾಗಿ ಕಂಡಿತು. ಆಮೇಲೆ ಹಸಿರಿನೊಳಗೆ ಒಂದು ಕೈ ಕಂಡಿತು. ಬಳೆಗಳಿದ್ದ ಕೈ. ತೊಟ್ಟಿಯ ಕಟ್ಟೆಯನ್ನು ಹುಡುಕುತ್ತಿತ್ತು.

ನಾನು ಕದಲಲಿಲ್ಲ. ನನ್ನ ಪಕ್ಕದಿಂದ ನರಸಪ್ಪ ಮಾಸ್ತರ ಒದ್ದೆ ಟವೆಲ್ ಮುಖಕ್ಕೆ ಸುತ್ತಿಕೊಂಡು ಒಳಗೆ ನುಗ್ಗಿದರು. "ಆ ಕಡಿ ಬಾಗಲಾ ತಗೀರಿ!" ಎಂಬ ಅವರ ಕೂಗು ಕೇಳಿದ ಮೇಲೆಯೇ ನಾನು ಹೊರಗಿನಿಂದ ಓಡಿ ಹೋಗಿ ಎದುರಿನ ಬಾಗಿಲಿನ ಅಗಳಿ ಎಳೆದದ್ದು. ಗಾಳಿ ಹಾಯಿತು. ಮಾಸ್ತರ ಆಕೆಯನ್ನು ಎರಡೂ ತೋಳು ಹಿಡಿದು ಎಳೆದುಕೊಂಡು ಹೊರಬಿದ್ದರು. ಆಕೆ ಕೆಮ್ಮುತ್ತಿದ್ದಳು. ಕೆಮ್ಮುತ್ತಿದ್ದಾಳಲ್ಲ, ಹಾಗಾದರೆ ಉಸಿರಿದೆ ಎಂದು ನನಗೆ ನಾನೇ ಹೇಳಿಕೊಂಡದ್ದು ನೆನಪಿದೆ.

ಬ್ಲೀಚಿಗೆ ಆ್ಯಸಿಡ್ ಬಿದ್ದರೆ ಕ್ಲೋರಿನ್ ಅನಿಲ ಏಳುತ್ತದೆ. ಗಾಳಿಗಿಂತ ಭಾರ, ನೆಲ ಹಿಡಿದು ಹರಿಯುತ್ತದೆ, ಶ್ವಾಸಕೋಶವನ್ನು ಸುಡುತ್ತದೆ. ಕಸ್ತೂರಿಬಾಯಿ ಎಂಟು ದಿನ ದವಾಖಾನೆಯಲ್ಲಿದ್ದಳು. ಆಮೇಲೆ ಅಣ್ಣ ಬಂದು ಅಕ್ಕಲಕೋಟದ ತನ್ನ ಮನೆಗೆ ಕರೆದೊಯ್ದ.

ಮಾಲಕರು ನವಿ ಪೇಠೆಯ ಬಟ್ಟೆ ವ್ಯಾಪಾರಿ ಮನೆತನದವರು. ಕೆಟ್ಟವರಲ್ಲ, ಅವಸರದವರು. ಅಪಘಾತದ ಫಾರ್ಮನ್ನು ನನ್ನ ಮುಂದಿಟ್ಟರು. ಕಾರಣದ ಅಂಕಣದಲ್ಲಿ ಬರೆಯಬೇಕಾದ ಸಂಕೇತಗಳು ಕೆಳಗೆ ಅಚ್ಚಾಗಿದ್ದವು: 1 ಎಂದರೆ ಕೆಲಸಗಾರರ ನಿಷ್ಕಾಳಜಿ, 2 ಎಂದರೆ ಯಂತ್ರದ ದೋಷ, 3 ಎಂದರೆ ಇತರೆ.

"ಒಂದು ಬರಿ" ಎಂದರು. "ಆಕೀನ ತಗದು ಬ್ಯಾರೇದವರನ್ನ ಹಚ್ಚೂಣು. ಬುದ್ಧಿ ಇಲ್ಲದವರನ್ನ ಅಂಥಾ ಜಾಗಾದಾಗ ಇಡಬಾರದು."

ಒಂದು ದಿನ ಸಮಯ ಕೇಳಿ ಮರುದಿನ ಎಸ್‌ಟಿ ಬಸ್ಸಿನಲ್ಲಿ ಅಕ್ಕಲಕೋಟಕ್ಕೆ ಹೋದೆ. ದಾರಿಯುದ್ದಕ್ಕೂ ಹೊಲಗಳ ಹಸಿರು ಕಿಟಕಿಯಲ್ಲಿ ಹರಿದಾಗಲೆಲ್ಲ ಕಣ್ಣು ಮುಚ್ಚಿಕೊಂಡೆ. ಕಸ್ತೂರಿಬಾಯಿ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕುಳಿತಿದ್ದಳು. ನಾಲ್ಕು ಮಾತಿಗೊಮ್ಮೆ ನಿಂತು ಉಸಿರು ಎಳೆದುಕೊಳ್ಳಬೇಕಾಗುತ್ತಿತ್ತು.

"ಹುಳಿನೀರು, ಬಿಳಿನೀರು ಯಾಕ ಕೂಡಿಸಿದ್ರಿ ಮಾವ್ಶಿ?"

"ಹುಳಿನೀರು ಎಲ್ಲಿಂದ ಬಂತು? ಆ ಹೆಸರ ಅನ್ನಬ್ಯಾಡಂತ ನೀವ ಹೇಳೀರಿ. ಒಂದೂ ಎರಡೂ ಕೂಡಿಸ್ದೆ. ಮೂರು ಆಗ್ತದಲ್ಲ."

ಆಕೆ ನನ್ನ ಮುಖ ನೋಡಿ, ಮಗುವಿಗೆ ಹೇಳುವಂತೆ ಬಿಡಿಸಿ ಹೇಳಿದಳು. ಆ ವರ್ಷವಷ್ಟೇ ಬ್ಲೀಚಿಂಗಿಗೆ ಬಂದಿದ್ದ ಆಕೆ ಅದಕ್ಕೂ ಮೊದಲು ಹನ್ನೊಂದು ವರ್ಷ ನರಸಪ್ಪ ಮಾಸ್ತರರ ಬಣ್ಣದ ಮನೆಯಲ್ಲಿ ದುಡಿದಿದ್ದಳು. ಅಲ್ಲಿ ನೀಲಿಯ ಛಾಯೆಗಳಿಗೂ ನಂಬರಿದ್ದವು. ನೀಲಿ ತೊಟ್ಟಿಯಲ್ಲಿ ಒಮ್ಮೆ ಅದ್ದಿದ ನೂಲು ಒಂದನೇ ನಂಬರು, ಮೂರು ಸಲ ಅದ್ದಿದ್ದು ಮೂರನೇದು. ಮೂರನೇ ನಂಬರು ತೀರಿದ್ದರೆ ಒಂದನೇ ನಂಬರಿನ ನೂಲನ್ನು ಇನ್ನೆರಡು ಸಲ ಅದ್ದುತ್ತಿದ್ದರು. ತಪ್ಪಿದ್ದೇ ಇಲ್ಲ.

"ಅಲ್ಲಿ ಬರೋಬ್ಬರಿ ಆಗ್ತಿತ್ತು" ಎಂದಳು. "ನಿಮ್ಮ ನಂಬರ ಬ್ಯಾರೆ ಥರದವೇನು?"

ಬೇರೆ ಥರದವೇ. ಮಾಸ್ತರರ ನಂಬರು ಎಷ್ಟು ಸಲ ಎಂಬ ನಿಜವಾದ ಎಣಿಕೆ, ಅದನ್ನು ಕೂಡಿಸಬಹುದು. ನನ್ನವು ಬರಿಯ ಹೆಸರು. ಎರಡೂ ಒಂದೇ ಅಂಕಿಯ ಅಂಗಿ ತೊಟ್ಟಿದ್ದವು. ಆಕೆ ಕೂಡಿಸಿದ್ದು ಬುದ್ಧಿ ಇಲ್ಲದೆ ಅಲ್ಲ, ಬುದ್ಧಿ ಇದ್ದುದರಿಂದಲೇ.

"ನಂದ ತಪ್ಪು ಮಾವ್ಶಿ" ಎಂದೆ.

"ತಪ್ಪು ಯಾರದರ ಇರ್ಲಿ ತಮ್ಮಾ. ನನ್ನ ಕೆಲಸ ಇರ್ತದೋ ಹೋಗ್ತದೋ, ಅಷ್ಟ ಹೇಳು."

ಮರುದಿನ ಕಾರಣದ ಅಂಕಣದಲ್ಲಿ 3 ಎಂದು ಬರೆದು, ಪಕ್ಕದಲ್ಲಿ ಜಾಗ ಸಾಲುವಷ್ಟು ಬಿಡಿಸಿ ಬರೆದೆ: ಡ್ರಮ್ಮುಗಳ ಹೆಸರು ತೆಗೆಸಿ ಅಂಕಿ ಹಾಕಿದವನು ನಾನು, ಅಂದು ಆಕೆ ಕೇಳಲು ಬಂದಾಗ ಉತ್ತರ ಕೊಡದವನೂ ನಾನು. ಕೆಳಗೆ ಸಹಿ ಮಾಡಿದೆ.

ಮಾಲಕರು ಎರಡು ಸಲ ಓದಿದರು. "ನಿನ್ನ ನೌಕರಿ ಹೋಗಬಹುದು, ಗೊತ್ತದ?"

"ಗೊತ್ತದ್ರಿ."

"ಸಾಲ್ಯಾಗ ಇದನ್ನ ಕಲಿಸಿದ್ರೇನು ನಿಮಗ?"

"ಕಲಿಸ್ಯಾರ್ರಿ. ನಾನ ಕಲ್ತಿದ್ದಿಲ್ಲ."

ಅವರು ಫಾರ್ಮು ಮಡಿಸಿ ಲಕೋಟೆಯಲ್ಲಿಟ್ಟರು. "ಆಕಿ ಇರ್ಲಿ" ಎಂದರು. "ನಿನ್ನ ವಿಚಾರ ದೀವಳಿಗಿ ಆದಮ್ಯಾಲ ನೋಡೂಣು." ದೀಪಾವಳಿಯವರೆಗೆ ಅವರು ನನ್ನನ್ನು ಕಾಯಿಸಲಿಲ್ಲ; ಸೆಪ್ಟೆಂಬರಿನಲ್ಲಿ ಬೇರೆ ಕೆಲಸ ನೋಡಿಕೋ ಎಂದರು. ಬೇಸರವಾಗಲಿಲ್ಲ.

ಅದಕ್ಕೂ ಮೊದಲು ಕಸ್ತೂರಿಬಾಯಿ ತಿರುಗಿ ಬಂದಳು. ಒಂದಿಷ್ಟು ಸೊರಗಿದ್ದಳು, ಗಂಟಲು ಒಡೆದಿತ್ತು. ನಾನು ಡ್ರಮ್ಮುಗಳ ಮೇಲಿನ ಅಂಕಿ ಕೆರೆದು ತೆಗೆದು, ಏನು ಬರೆಯಲಿ ಎಂದು ಕೇಳಿದೆ.

"ಅಕ್ಷರ ಬ್ಯಾಡ. ಕುಂಚಾ ಇತ್ತ ಕೊಡ್ರಿ" ಎಂದಳು. ಮೊದಲನೆಯದರ ಮೇಲೆ ಒಂದು ನಿಂಬೆಹಣ್ಣು ಬರೆದಳು, ಎರಡನೆಯದರ ಮೇಲೆ ಒಂದು ಬೆಳ್ಳಕ್ಕಿ, ಮೂರನೆಯದರ ಮೇಲೆ ಒಂದು ಕೊಡ. ಬೆಳ್ಳಕ್ಕಿಯ ಕಾಲು ಸ್ವಲ್ಪ ಸೊಟ್ಟಗಾಗಿತ್ತು. ಹಿಂದೆ ಸರಿದು ನೋಡಿ ನನ್ನ ಕಡೆ ತಿರುಗಿದಳು.

"ಈಗ ನಿಂಬಿಹಣ್ಣಿಗೆ ಬೆಳ್ಳಕ್ಕಿ ಕೂಡಿಸ್ರಿ ನೋಡೂಣು. ಎಷ್ಟು ಆಗ್ತದ?"

"ಏನೂ ಆಗೂದಿಲ್ಲ ಮಾವ್ಶಿ."

"ಹಾಂ. ಇದನ್ನ ನಿಮ್ಮ ಸಾಲ್ಯಾಗ ಹೋಗಿ ಹೇಳ್ರಿ" ಎಂದು ಸೆರಗು ಸಿಕ್ಕಿಸಿಕೊಂಡು ತೊಟ್ಟಿಯ ಕಡೆ ನಡೆದಳು.

ಹೇಳಿದೆ, ವರ್ಷವರ್ಷವೂ ಹೇಳಿದೆ. ಒಂದು ಅಂಕಿ ಕಂಡರೆ ಅದನ್ನು ಕೂಡಿಸುವ ಮೊದಲು ಅದು ಏನನ್ನಾದರೂ ಅಳೆದದ್ದೋ, ಅಥವಾ ಏನನ್ನೂ ಅಳೆಯದೆ ಬರೀ ಹೆಸರಾಗಿ ನಿಂತದ್ದೋ ಎಂದು ಕೇಳಬೇಕು. ಅದನ್ನು ಬರೆದವನು ಓದುವವರಿಗೆ ಆ ಮಾತನ್ನು ಹೇಳಿಯೇ ಬರೆಯಬೇಕು. ನನ್ನ ವೃತ್ತಿ ನನಗೆ ಕಲಿಸಿದ್ದು ಇಷ್ಟೇ. ಅದನ್ನು ಕಲಿಯಲು ಇನ್ನೊಬ್ಬಳ ಎದೆ ಸುಡಬೇಕಾಯಿತು ಎಂಬುದನ್ನು ಯಾವ ಅಳತೆಯ ಯಾವ ಮಟ್ಟಕ್ಕೆ ಸೇರಿಸಬೇಕೋ ನನಗೆ ಇವತ್ತಿಗೂ ತಿಳಿದಿಲ್ಲ.