ಗೋಡೆಯ ಹೊರಗೆ ಕೂತ ಚಾಚಾ

ಹೋದ ತಿಂಗಳು ನನ್ನ ಚೀಲದ ಪಟ್ಟಿ ಕಿತ್ತುಹೋಗಿತ್ತು. ಹೊಲಿಸೋಣವೆಂದು ರಾಯಚೂರಿನ ತೀನ್ ಕಂದೀಲ್ ವೃತ್ತದ ಹತ್ತಿರ ಒಂದು ರಿಪೇರಿ ಅಂಗಡಿಯ ಮುಂದೆ ಕೂತಿದ್ದೆ. ಅಂಗಡಿಯವನು ಬಕೆಟ್ಟಿನಲ್ಲಿ ನೆನೆಹಾಕಿದ್ದ ಒಂದು ತುಂಡು ತೊಗಲನ್ನು ಹಿಂಡಿ ಹೊರಗೆ ತೆಗೆದ. ಹಸಿ ತೊಗಲು, ಹರಳೆಣ್ಣೆ, ಮೇಣ ಹಚ್ಚಿದ ದಾರ, ಮೂರೂ ಕೂಡಿದ ಆ ವಾಸನೆ... ಮೂಗಿಗೆ ಬಡಿದದ್ದೇ ನಾನು ಎದ್ದು ನಿಂತುಬಿಟ್ಟೆ. ‘ಏನಾತ್ರಿ?’ ಎಂದು ಕೇಳಿದ. ಏನೆಂದು ಹೇಳಲಿ? ಹರೆಯದಲ್ಲಿ ನನ್ನ ಬಾಡಿಗೆ ಕೋಣೆಯ ಕಿಟಕಿಯಿಂದ ದಿನವೂ ಒಳಗೆ ಬರುತ್ತಿದ್ದ ವಾಸನೆ ಅದು. ಆ ಕಿಟಕಿಯ ಆಚೆ ಚಾಚಾರ ಅಂಗಡಿ ಇತ್ತು.

ಚಾಚಾ ಟಾಂಗಾ ಕುದುರೆಗಳಿಗೆ ಜೀನು, ಲಗಾಮು ಹೊಲಿಯುವವರು. ನಾನು ಆಗಷ್ಟೇ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿ ರಾಯಚೂರಿಗೆ ಬಂದಿದ್ದೆ. ಎಪ್ಪತ್ತರ ದಶಕದ ನಡುವಿನ ಮಾತು. ಮಾನ್ವಿ ತಾಲೂಕಿನ ಕುರ್ಡಿ ನನ್ನೂರು. ಅಲ್ಲಿ ಬೀದಿಗೆ ಕಾಲಿಟ್ಟರೆ ಹತ್ತು ಜನ ಮಾತಾಡಿಸುತ್ತಿದ್ದರು. ಇಲ್ಲಿ ಸಂಜೆ ಕಚೇರಿ ಬಿಟ್ಟರೆ ಮರುದಿನ ಬಾಗಿಲು ತೆರೆಯುವವರೆಗೆ ನನ್ನ ಬಾಯಿಂದ ಒಂದು ಮಾತು ಹೊರಡುತ್ತಿರಲಿಲ್ಲ. ಖಾನಾವಳಿಯವನು ಕೂಡ ಏನೂ ಕೇಳದೆಯೇ ರೊಟ್ಟಿ ಹಾಕಿ ಹೋಗುತ್ತಿದ್ದ. ಭಾನುವಾರ ಬಂತೆಂದರೆ ನನಗೆ ಹೆದರಿಕೆಯಾಗುತ್ತಿತ್ತು.

ಅಂಥದೊಂದು ಭಾನುವಾರ ಚಾಚಾ ಕಿಟಕಿಯೊಳಗೆ ತಲೆ ಹಾಕಿದರು.

‘ಒಬ್ರೇ ಕುಂತು ಏನ್ ಮಾಡ್ತೀರಿ ಕುರ್ಡಿಯೋರ? ಏಳ್ರಿ, ನಮ್ಮ ಹುಡುಗ್ರ ಆಟ ಅದ.’

ಕೊನೆಯತನಕ ಅವರು ನನ್ನ ಹೆಸರು ಹಿಡಿದು ಕರೆಯಲಿಲ್ಲ. ಕುರ್ಡಿಯೋರ ಎಂದೇ ಕರೆದರು. ನನಗೋ ಫುಟ್‌ಬಾಲ್ ಬಗ್ಗೆ ಚೆಂಡು ದುಂಡಗಿರುತ್ತದೆ ಅನ್ನುವುದರ ಹೊರತು ಇನ್ನೇನೂ ಗೊತ್ತಿರಲಿಲ್ಲ. ಆದರೂ ಹೋದೆ. ‘ನಮ್ಮ ಹುಡುಗ್ರು’ ಎಂದರೆ ಅವರ ಮಕ್ಕಳಲ್ಲ. ಓಣಿಯ ಹುಡುಗರು ಕಟ್ಟಿಕೊಂಡಿದ್ದ ಒಂದು ಕ್ಲಬ್ಬು. ಹಳದಿ ಅಂಗಿ, ಒಬ್ಬೊಬ್ಬರದು ಒಂದೊಂದು ಹಳದಿ. ನೋಡಲು ಬಂದವರು ಮೂವತ್ತು ಜನ ಇದ್ದರೆ ಹೆಚ್ಚು. ಚಾಚಾ ನನ್ನ ಕೈಹಿಡಿದು ಎಳೆದುಕೊಂಡು ಹೋಗಿ ಆ ಮೂವತ್ತು ಜನರ ನಡುವೆ ಕೂರಿಸಿದರು. ಬೆಟ್ಟು ಮಾಡಿ ಇವನು ಇಂಥವನು, ಅವನು ಅಂಥವನು ಎಂದು ಹೇಳಿಕೊಟ್ಟರು. ಅವತ್ತು ಸೋತೆವು. ಆದರೆ ಕೋಣೆಗೆ ವಾಪಸು ಬಂದಾಗ ಕೂಗಿ ಕೂಗಿ ನನ್ನ ಗಂಟಲು ಬಿದ್ದಿತ್ತು, ಅದರಿಂದ ನನಗೆ ಎಷ್ಟು ಖುಷಿಯಾಗಿತ್ತೆಂದು ಹೇಳಲಾರೆ.

ಮುಂದಿನ ಎರಡು ಮ್ಯಾಚೂ ಸೋತೆವು. ಅದರ ಮುಂದಿನದರಲ್ಲಿ ಆಟದ ನಡುವೆ ಚಾಚಾ ಸಂಜೆಯ ನಮಾಜಿಗೆಂದು ಎದ್ದು ಹೋದರು. ಅವರು ಅತ್ತ ಹೋದದ್ದೇ ನಮ್ಮವರು ಒಂದರ ಹಿಂದೆ ಒಂದು ಎರಡು ಗೋಲು ಹೊಡೆದರು. ನಾವು ಕುಣಿಯುತ್ತಿರುವಾಗಲೇ ಚಾಚಾ ತಿರುಗಿ ಬಂದು ಕೂತರು, ಕೂತ ಗಳಿಗೆಗೇ ಎದುರಿನವರು ಒಂದು ಗೋಲು ಹೊಡೆದರು. ಆಗ ಯಾರೋ, ‘ಚಾಚಾ, ಹೊರಗ ಹೋಗ್ರಿ! ನೀವು ಇದ್ರ ನಾವು ಸೋಲ್ತೀವಿ!’ ಎಂದು ಕೂಗಿದರು.

ಯಾರೋ ಎಂದೆ. ಯಾರೋ ಅಲ್ಲ, ನಾನೇ. ಮೂವತ್ತೂ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ರಾಯಚೂರಿಗೆ ಬಂದಮೇಲೆ ನಾನು ಆಡಿದ ಮಾತಿಗೆ ಜನ ನಕ್ಕದ್ದು ಅದೇ ಮೊದಲು. ಎಲ್ಲರಿಗಿಂತ ಜೋರಾಗಿ ನಕ್ಕವರು ಚಾಚಾ. ಪಂಚೆ ಕೊಡವಿಕೊಂಡು ಎದ್ದು, ‘ಆತು ತಗೋರಿ’ ಎನ್ನುತ್ತ ಮೈದಾನದ ಗೇಟಿನ ಹೊರಗೆ ಹೋಗಿ, ಅದರ ಗೋಡೆಯ ಆಚೆ ಬೇವಿನ ಗಿಡದ ಕೆಳಗೆ ಬಿದ್ದಿದ್ದ ಒಂದು ಹಾಸುಗಲ್ಲಿನ ಮೇಲೆ ಗೋಡೆಗೆ ಬೆನ್ನು ಕೊಟ್ಟು ಕೂತರು. ಅವತ್ತು ನಾವು ಗೆದ್ದೆವು.

ಮುಂದಿನ ವಾರ ಅವರೇ ತಮಾಷೆಗೆ ಹೊರಗೆ ಕೂತರು. ಮತ್ತೆ ಗೆದ್ದೆವು. ಆಮೇಲೆ ಅದು ತಮಾಷೆಯಾಗಿ ಉಳಿಯಲಿಲ್ಲ.

ನೋಡನೋಡುತ್ತ ಕ್ಲಬ್ಬಿಗೆ ಜನ ಕೂಡಿದರು. ಗೆಲ್ಲುವವರ ಹಿಂದೆ ಜನ ಬಂದೇ ಬರುತ್ತಾರೆ, ಅದರಲ್ಲಿ ಹೆಚ್ಚುಗಾರಿಕೆ ಏನಿಲ್ಲ. ಆದರೆ ನಮ್ಮ ಆಟಕ್ಕಿಂತ ಮುಂದೆ ಓಡಿದ್ದು ಚಾಚಾರ ಸುದ್ದಿ. ರಾಯಚೂರಿನಲ್ಲಿ ಓದುತ್ತಿದ್ದ ಮಾನ್ವಿಯ ಹುಡುಗರು ಅದನ್ನು ಊರಿಗೆ ಒಯ್ದರು. ಪೋತ್ನಾಳದ ಅಂಗಡಿಯವರಿಗೆ ತಿಳಿಯಿತು. ಹತ್ತಿ ತರುವ ಲಾರಿಗಳಲ್ಲಿ ದೇವದುರ್ಗದವರು ಬರತೊಡಗಿದರು. ಮೂವತ್ತು ಇದ್ದದ್ದು ಮುನ್ನೂರಾಗಿ, ಆಮೇಲೆ ನಾವು ಎಣಿಸುವುದನ್ನೇ ಬಿಟ್ಟೆವು. ದೇವದುರ್ಗದವರು ಲಾರಿ ಇಳಿದವರೇ ಗೇಟಿಗೆ ಹೋಗುತ್ತಿರಲಿಲ್ಲ. ಮೊದಲು ಬೇವಿನ ಗಿಡದ ಕಡೆ ಬಂದು ಇಣುಕುತ್ತಿದ್ದರು. ‘ಚಾಚಾ ಹೊರಗ ಅದಾರಿಲ್ಲೋ?’ ಇದ್ದಾರೆಂದು ಕಂಡಮೇಲೆ ಸಲಾಮು ಹೊಡೆದು, ನಿಶ್ಚಿಂತೆಯಿಂದ ಒಳಗೆ ಹೋಗುತ್ತಿದ್ದರು. ನನ್ನ ಕೈಬರಹ ಚೆನ್ನಾಗಿದೆ ಎಂದು ನನ್ನನ್ನು ಕ್ಲಬ್ಬಿನ ಕಾರ್ಯದರ್ಶಿ ಮಾಡಿದ್ದರು. ಪತ್ರ ಬರೆಯುವುದು ಹೆಸರಿಗೆ. ಆಟ ಶುರುವಾಗುವ ಮೊದಲು ಚಾಚಾ ಹೊರಗೆ ಕೂತಿದ್ದಾರೆಂದು ನಾಯಕನಿಗೆ ಹೇಳುವುದೇ ನನ್ನ ದೊಡ್ಡ ಕೆಲಸವಾಗಿತ್ತು.

ನಡುವಿನ ವಿರಾಮದಲ್ಲಿ ನಾನು ಚಹಾ ತೆಗೆದುಕೊಂಡು ಹೋಗುತ್ತಿದ್ದೆ. ಒಳಗೆ ಏನಾಯಿತೆಂದು ನಾನು ಬಾಯಿ ತೆರೆಯುವ ಮೊದಲೇ ಅವರು ಹೇಳಿಬಿಡುತ್ತಿದ್ದರು. ಆಟ ಕಾಣದಿದ್ದರೂ ಮಂದಿಯ ದನಿ ಕೇಳಿ ಕೇಳಿ ಅವರ ಕಿವಿ ಅಷ್ಟು ಪಳಗಿತ್ತು. ‘ಮಾನ್ವಿಯೋರು ಸೀಟಿ ಹೊಡಿತಾರ, ದೇವದುರ್ಗದೋರು ಡಬ್ಬಾ ಬಡಿತಾರ. ಇವತ್ತು ಡಬ್ಬಾ ಜಾಸ್ತಿ ಅದಾವ ನೋಡ್ರಿ’ ಎನ್ನುತ್ತಿದ್ದರು. ಹೋದ ಸಲಕ್ಕಿಂತ ಎಷ್ಟು ಜನ ಹೆಚ್ಚು ಬಂದಿದ್ದಾರೆಂದು ಅವರು ಗೋಡೆಯ ಆಚೆಯಿಂದ ಹೇಳಿದ್ದು ತಪ್ಪಿದ್ದೇ ಇಲ್ಲ. ಹೇಳುವಾಗ ಮುಖ ಅರಳುತ್ತಿತ್ತು. ಅಷ್ಟು ಮಂದಿಯಲ್ಲಿ ಆಟ ನೋಡದವರು ಅವರೊಬ್ಬರೇ ಎಂಬುದು ನನ್ನ ತಲೆಗೆ ಹೊಳೆಯುತ್ತಲೂ ಇರಲಿಲ್ಲ.

ಆ ಹೊತ್ತಿಗೆ ನಮ್ಮ ಕ್ಲಬ್ಬಿಗೆ ದೇವಸುಗೂರಿನಿಂದ ಒಬ್ಬ ಆಟಗಾರ ಬಂದ. ಕುರಿ ಕಾಯುವ ಮನೆತನದವನು. ಎಡಗಡೆಯಿಂದ ಅವನು ಓಡಿದನೆಂದರೆ ಕೂತವರೆಲ್ಲ ಎದ್ದು ನಿಲ್ಲುತ್ತಿದ್ದರು. ಅವನ ಪಾದ ಎಷ್ಟು ಅಗಲವೆಂದರೆ ರಾಯಚೂರಿನ ಯಾವ ಅಂಗಡಿಯ ಬೂಟೂ ಅವನಿಗೆ ಆಗುತ್ತಿರಲಿಲ್ಲ. ಬರಿಗಾಲಲ್ಲೇ ಆಡುತ್ತಿದ್ದ. ಚಾಚಾ ಅವನನ್ನು ಅಂಗಡಿಗೆ ಕರೆಸಿ, ಹಾಳೆಯ ಮೇಲೆ ಕಾಲು ಇರಿಸಿ ಪೆನ್ಸಿಲ್ಲಿನಿಂದ ಸುತ್ತ ಗೀಟು ಎಳೆದುಕೊಂಡರು. ಬೂಟು ಹೊಲಿಯುವುದು ಅವರ ಕಸುಬಲ್ಲ. ಎರಡು ಸಲ ಬಿಚ್ಚಿ ಮೂರನೆಯ ಸಲ ಹೊಲಿದರು. ಜೀನಿಗೆ ಹಾಕುವ ಒಳ್ಳೆಯ ತೊಗಲು ಹಾಕಿದ್ದರು. ಆ ಬೂಟು ತೊಟ್ಟು ಅವನು ಹೊಡೆದ ಗೋಲುಗಳ ಬಗ್ಗೆ ಊರೆಲ್ಲ ಮಾತಾಡಿತು.

ಆಮೇಲೊಂದು ದಿನ, ಹೈದರಾಬಾದಿನಿಂದ ಒಂದು ತಂಡ ಬಂದಾಗ, ನಾನು ಎಂದಿನಂತೆ ಗೋಡೆಯ ಕಡೆ ಹೋದೆ. ಚಾಚಾ ಕೂತಿರಲಿಲ್ಲ, ನಿಂತಿದ್ದರು.

‘ಇವತ್ತೊಂದಿನ ಒಳಗ ಬರ್ಲೇನ್ರಿ ಕುರ್ಡಿಯೋರ? ಹತ್ತು ನಿಮಿಷ ಸಾಕು, ಮೂಲ್ಯಾಗ ನಿಂದಿರ್ತೀನಿ. ಆ ಕಾಲು ಓಡೋದು ಒಂದ್ ಸಲ ನೋಡ್ಬೇಕಂತ ಅನಸಾಕತ್ತೇದ.’

ಒಳಗೆ ಡಬ್ಬಿಗಳು ಬಡಿಯುತ್ತಿದ್ದವು. ಕಾಲಿಡಲು ಜಾಗವಿರಲಿಲ್ಲ. ಸೋತರೆ ದೇವದುರ್ಗದವರು ನನ್ನನ್ನು ಸುಮ್ಮನೆ ಬಿಡುತ್ತಿರಲಿಲ್ಲ ಎಂದು ಈಗ ನೆಪ ಹೇಳಬಹುದು. ನಿಜ ಹೇಳಬೇಕೆಂದರೆ ನನಗೇ ಅದರಲ್ಲಿ ನಂಬಿಕೆ ಬಂದುಬಿಟ್ಟಿತ್ತು. ನಾನೇ ಹುಟ್ಟಿಸಿದ ತಮಾಷೆಯನ್ನು ನಾನೇ ನಂಬಿದ್ದೆ.

‘ಇದೊಂದು ಆಗ್ಲಿ ಚಾಚಾ’ ಎಂದೆ. ‘ಮುಂದಿನ ಮ್ಯಾಚಿಗೆ ಖಂಡಿತ.’

ಚಾಚಾ ಹೂಂ ಎಂದು ಕಲ್ಲಿನ ಮೇಲೆ ಕೂತರು. ಅವತ್ತು ಗೆದ್ದೆವು. ಗೆದ್ದದ್ದರಿಂದ ಮುಂದಿನ ಸಲವೂ ಕರೆಯುವ ಹಾಗಿರಲಿಲ್ಲ. ಅವರು ಮತ್ತೆಂದೂ ಕೇಳಲಿಲ್ಲ. ಕೇಳಿದ್ದರೆ ಒಳ್ಳೆಯದಿತ್ತು... ಕೇಳದ ಮನುಷ್ಯನಿಗೆ ಇಲ್ಲ ಅನ್ನುವ ಕಷ್ಟವೂ ನನಗೆ ಬರಲಿಲ್ಲ.

ಜನ ಕೂಡಿದಷ್ಟೇ ಬೇಗ ಚದುರಿದರು. ಎಂಬತ್ತಮೂರರಲ್ಲಿ ದೇಶ ಕ್ರಿಕೆಟ್ಟಿನಲ್ಲಿ ವಿಶ್ವಕಪ್ ಗೆದ್ದಮೇಲೆ ಓಣಿಯ ಹುಡುಗರೆಲ್ಲ ಬ್ಯಾಟು ಹಿಡಿದರು. ಟಿವಿ ಬಂತು, ಭಾನುವಾರ ಜನ ಅದರ ಮುಂದೆ ಕೂತರು. ದೇವದುರ್ಗದ ಲಾರಿ ಒಂದು ಸಲ ಬರಲಿಲ್ಲ, ಆಮೇಲೆ ಬರಲೇ ಇಲ್ಲ. ದೇವಸುಗೂರಿನವನಿಗೆ ಮೊಣಕಾಲು ಮುರಿಯಿತು. ಊರ ಹತ್ತಿರ ಶಕ್ತಿನಗರದ ಕಡೆ ಏನೋ ಕೆಲಸ ಸಿಕ್ಕಿತೆಂದು ಆಟವನ್ನೇ ಬಿಟ್ಟ. ಟಾಂಗಾಗಳು ಹೋಗಿ ಆಟೋ ಬಂದದ್ದರಿಂದ ಚಾಚಾ ಆಗ ಶಾಲೆಯ ಚೀಲಗಳನ್ನು ಹೊಲಿಯುತ್ತಿದ್ದರು. ಆದರೂ ಆಟವಿದ್ದ ದಿನ ಅಂಗಡಿ ಮುಚ್ಚಿ, ಕೈಕಾಲು ಮುಖ ತೊಳೆದು, ಟೋಪಿ ಸರಿಮಾಡಿಕೊಂಡು ಬೇವಿನ ಗಿಡದ ಕೆಳಗೆ ಬಂದು ಕೂರುತ್ತಿದ್ದರು. ‘ಸೀಟಿ ಕಡಿಮಿ ಆದ್ವು’ ಎನ್ನುತ್ತಿದ್ದರು. ಡಬ್ಬಿಗಳ ಮಾತನ್ನು ಅವರೂ ಎತ್ತುತ್ತಿರಲಿಲ್ಲ, ನಾನೂ ಎತ್ತುತ್ತಿರಲಿಲ್ಲ.

ಕೊನೆಯ ಮ್ಯಾಚಿನ ದಿನ ಒಳಗೆ ಇಪ್ಪತ್ತು ಜನರಿದ್ದರೋ ಇಲ್ಲವೋ. ಅದು ಕೊನೆಯದೆಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ನನಗೆ ದೇವದುರ್ಗಕ್ಕೆ ವರ್ಗವಾಗಿತ್ತು. ಹೋಗುವ ಮುಂಚೆ ಒಂದು ಒಳ್ಳೆಯ ಕೆಲಸ ಮಾಡೋಣ ಎಂದುಕೊಂಡು ನಾನು ಗೋಡೆಯ ಹೊರಗೆ ಹೋದೆ.

‘ಇವತ್ತು ಒಳಗ ಬರ್ರಿ ಚಾಚಾ.’

ಅವರು ತಲೆ ಎತ್ತಿದರು. ‘ಸೋತ್ರ?’

‘ಸೋತ್ರ ಸೋತ್ವಿ. ಈಗ ಯಾರೂ ಏನೂ ಅನ್ನಂಗಿಲ್ಲ.’

‘ಯಾರೂ ಏನೂ ಅನ್ನಂಗಿಲ್ಲ ಅಂದ್ರ... ಹಂಗಾದ್ರ ಮುಗೀತೇನ್ರಿ?’

ಅವರ ಪಕ್ಕ ಕಲ್ಲಿನ ಮೇಲೆ ಕೂರಲು ಹೋದೆ. ಅವರು ಕೈಯಿಂದ ತಡೆದರು.

‘ನೀವು ಹೋಗ್ರಿ ಒಳಗ. ಮೊದಲೇ ಮಂದಿ ಕಡಿಮಿ ಅದಾರ. ನೀವೂ ಇಲ್ಲೇ ಕುಂತ್ರ ಹುಡುಗ್ರಿಗಿ ಕೂಗೋರು ಯಾರು?’

ಒಳಗೆ ಹೋದೆ. ಕೂಗಿದೆ. ಒಂದರ ಮೇಲೊಂದು ಮೂರು ಗೋಲು ಬಿದ್ದು ಸೋತೆವು. ಆಟ ಮುಗಿದು ಹೊರಗೆ ಬಂದಾಗ ಚಾಚಾ ಗೇಟಿನ ಹತ್ತಿರ ನಿಂತಿದ್ದರು. ನಾನು ಏನಾದರೂ ಕೇಳುತ್ತೇನೆಂದು ಅಂದುಕೊಂಡರೋ ಏನೋ, ನನ್ನ ತೋಳು ಹಿಡಿದುಕೊಂಡು ಹೇಳಿದರು: ‘ನಾ ಒಳಗ ಬಂದಿಲ್ರಿ ಕುರ್ಡಿಯೋರ. ಹೊರಗೇ ಇದ್ದೆ. ಆ ಕಲ್ಲಿನ ಮ್ಯಾಲಿಂದ ಎದ್ದಿಲ್ಲ ನಾನು.’

‘ಗೊತ್ತು ಚಾಚಾ’ ಎಂದೆ. ಇನ್ನೂ ಏನೇನೋ ಹೇಳಬೇಕಿತ್ತು. ತಪ್ಪು ನನ್ನದೆಂದು ಹೇಳಬೇಕಿತ್ತು, ಅವತ್ತು ಕೂಗಿದವನು ನಾನೆಂದು ನೆನಪಿಸಬೇಕಿತ್ತು, ಕಾಲು ಹಿಡಿಯಬೇಕಿತ್ತು. ಮರುದಿನ ಬೆಳಿಗ್ಗೆಯ ಬಸ್ಸಿಗೆ ಹೋಗಬೇಕು, ಸಾಮಾನು ಕಟ್ಟುವುದಿದೆ ಎಂದು ಹೇಳಿ ಬಂದುಬಿಟ್ಟೆ.

ದೇವದುರ್ಗದಲ್ಲಿ ಹೊಸದಾಗಿ ಪರಿಚಯವಾದವರಲ್ಲಿ ಕೆಲವರು ಆ ಲಾರಿಗಳಲ್ಲಿ ಬಂದು ಡಬ್ಬಿ ಬಡಿದವರು. ಹಳೆಯ ಗೆಲುವುಗಳ ಮಾತು ಬಂದರೆ ಕಣ್ಣರಳಿಸಿ ಮಾತಾಡುತ್ತಿದ್ದರು. ಅವರಲ್ಲೇ ಒಬ್ಬ, ಎರಡು ಮೂರು ವರ್ಷ ಕಳೆದಮೇಲೆ, ಬಸ್ ನಿಲ್ದಾಣದಲ್ಲಿ ಸಿಕ್ಕು ಹೇಳಿದ: ‘ನಿಮ್ಮ ಆ ಹೊರಗ ಕುಂಡ್ರೋ ಚಾಚಾ ತೀರಿಕೊಂಡ್ರಂತ.’ ತೀರಿಕೊಂಡು ಆಗಲೇ ನಲವತ್ತು ದಿನ ಆಗಿಹೋಗಿತ್ತು. ನಾನು ರಾಯಚೂರಿಗೆ ಹೋದಾಗ ಅಂಗಡಿಯ ಜಾಗದಲ್ಲಿ ಯಾರೋ ಬಾಡಿಗೆ ಸೈಕಲ್ ಅಂಗಡಿ ಇಟ್ಟಿದ್ದರು. ಮನೆಯವರು ಹೈದರಾಬಾದಿನ ಕಡೆ ಹೋದರಂತೆ. ಎಲ್ಲಿಗೆ ಎಂದು ಓಣಿಯಲ್ಲಿ ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ.

ಈಗ ನಿವೃತ್ತಿಯಾಗಿ ರಾಯಚೂರಿನಲ್ಲೇ ಇದ್ದೇನೆ. ಆ ಕ್ಲಬ್ಬಿನ ಹೆಸರು ಹೇಳಿದರೆ ಹೂಂಗುಟ್ಟುವವರು ಕೂಡ ಉಳಿದಿಲ್ಲ. ಸಂಜೆ ಮನೆಯಲ್ಲಿ ಒಬ್ಬನೇ ಕೂತಾಗ ಆ ಮ್ಯಾಚುಗಳನ್ನು ಒಂದೊಂದಾಗಿ ನೆನೆಸಿಕೊಳ್ಳಲು ನೋಡುತ್ತೇನೆ. ಎದುರಿನ ತಂಡಗಳು ಯಾವುವೆಂದು ಮರೆತುಹೋಗಿದೆ. ಯಾವುದರಲ್ಲಿ ಎಷ್ಟು ಗೋಲು, ಅದೂ ಮರೆತುಹೋಗಿದೆ. ಗೆದ್ದು ಮನೆಗೆ ತಂದ ಕಪ್ಪುಗಳು ಯಾರ ಅಟ್ಟದಲ್ಲಿವೆಯೋ ಗೊತ್ತಿಲ್ಲ. ಹತ್ತು ನಿಮಿಷ ಸಾಕು, ಮೂಲೆಯಲ್ಲಿ ನಿಂತಿರುತ್ತೇನೆ ಎಂದು ಅವರು ಕೇಳಿದ್ದು ಮಾತ್ರ ಅಕ್ಷರ ಅಕ್ಷರ ನೆನಪಿದೆ. ಹೈದರಾಬಾದಿನವರ ಎದುರು ಆ ಒಂದು ಮ್ಯಾಚು ಸೋತಿದ್ದರೆ ನಮ್ಮ ಗಂಟೇನು ಹೋಗುತ್ತಿತ್ತು?