ರವದಿ ಸುಡದ ಕಾಕಾ

ಬದುವಿನಾಚೆಯ ಹೊಲದ ಕಾಕಾನ ಮುಂಗೈ ತುಂಬ ಕಬ್ಬಿನ ಎಲೆ ಗೀಚಿದ ಸಣ್ಣ ಸಣ್ಣ ಗೆರೆಗಳಿದ್ದವು. ಹಳೆಯವು ಬೆಳ್ಳಗೆ, ಹೊಸವು ಕೆಂಪಗೆ. ಮೊಣಕೈತನಕ ಗೀರಿಲ್ಲದ ಜಾಗವೇ ಇರಲಿಲ್ಲ. ದಿಗ್ಗೇವಾಡಿಯಲ್ಲಿ ಕಬ್ಬು ಬೆಳೆಯುವ ನಮಗೆಲ್ಲ ಅಷ್ಟಿಷ್ಟು ಗೀರು ಇದ್ದದ್ದೇ. ಅವರಿಗೆ ಮಾತ್ರ ಹೆಚ್ಚು, ಏಕೆಂದರೆ ಅವರು ರವದಿ ಸುಡುತ್ತಿರಲಿಲ್ಲ. ಕಟಾವಾದ ಮೇಲೆ ಹೊಲದಲ್ಲಿ ಉಳಿಯುವ ಒಣ ಗರಿಗೆ ನಾವು ರವದಿ ಎನ್ನುತ್ತೇವೆ. ನಾವೆಲ್ಲ ಅದಕ್ಕೆ ಕಡ್ಡಿ ಗೀರಿ ಮನೆಗೆ ಹೋಗುವವರು. ಕಾಕಾ ಮಾತ್ರ ಅದನ್ನು ಬಾಚಿ ಗುಂಡಿಗೆ ಹಾಕಿ, ಸಗಣಿ ನೀರು ಚೆಲ್ಲಿ ಕೊಳೆಸುತ್ತಿದ್ದರು.

ಯಾಕೆ ಎಂಬುದೇ ನನಗೆ ತಿಳಿಯಲಿಲ್ಲ. ಅವರು ಜೈನರು, ಹೊತ್ತು ಮುಳುಗುವುದರೊಳಗೆ ಊಟ ಮುಗಿಸುವವರು. ಬಸದಿಯಲ್ಲಿ ಕೇಳಿದವರಿಗೆ, "ಬೆಂಕ್ಯಾಗ ಎಷ್ಟ ಹುಳಾ ಸಾಯ್ತಾವರಿ" ಅನ್ನುತ್ತಿದ್ದರು. ಕೃಷಿ ಸಹಾಯಕರು ಬಂದರೆ, "ಮಣ್ಣಿಗೂ ಹಸಿವ ಆಗತೈತ್ರಿ ಸಾಹೇಬ್ರ" ಅನ್ನುತ್ತಿದ್ದರು. ನಾನು ಕೇಳಿದರೆ, "ಕಡ್ಡಿಪೆಟಗಿ ಮರತ ಬಂದೀನೋ" ಎಂದು ನಕ್ಕುಬಿಡುತ್ತಿದ್ದರು. ಮೂರರಲ್ಲಿ ಯಾವುದು ಖರೆ? ತಲೆ ಕೆಟ್ಟು ಹೋಗುತ್ತಿತ್ತು.

ಎಂಬತ್ತರ ದಶಕದ ಕೊನೆಗೆ ನನ್ನ ಮೂರೆಕರೆ ಸವಳಾಗತೊಡಗಿತು. ಹೊಳೆಯ ನೀರು ಕೈಗೆ ಸಿಕ್ಕಿತೆಂದು ಬೇಕಾಬಿಟ್ಟಿ ಹಾಯಿಸಿದ್ದೆ. ಮಣ್ಣಿನ ಮೇಲೆ ಬೆಳ್ಳಗೆ ಉಪ್ಪು ಕೂತಿತು. ಕಬ್ಬು ಮೊಣಕಾಲೆತ್ತರಕ್ಕೆ ಬಂದು ಹಳದಿಯಾಯಿತು. ಯೂರಿಯಾ ಹೆಚ್ಚು ಹಾಕಿದೆ, ಇನ್ನೂ ಹಳದಿಯಾಯಿತು! ಎಲ್ಲಿ ತಪ್ಪಿದೆನೋ ಒಂದೂ ಅರ್ಥವಾಗಲಿಲ್ಲ. "ಅದನ್ನ ಮಾರಿ ಕೈ ತೊಳಕೊ" ಎಂದ ಅಣ್ಣ. ಅಪ್ಪ ಬಿಟ್ಟು ಹೋದದ್ದರಲ್ಲಿ ನನ್ನ ಪಾಲಿಗಿದ್ದದ್ದು ಅದೊಂದೇ ಹೊಲ. ಬದುವಿನಾಚೆ ಕಾಕಾನ ಕಬ್ಬು ಕಪ್ಪು ಹಸಿರಾಗಿ ನಿಂತದ್ದು ನೋಡಿದರೆ ಹೊಟ್ಟೆ ಉರಿಯುತ್ತಿತ್ತು. ಸುಳ್ಳು ಯಾಕೆ ಹೇಳಲಿ.

ಆ ಸಲ ಸಿಟ್ಟಿನ ಭರದಲ್ಲಿ ಗಾಳಿ ನೋಡದೆ ರವದಿಗೆ ಬೆಂಕಿ ಹಚ್ಚಿದೆ. ಕಿಡಿ ಬದು ದಾಟಿ ಅವರು ಒಟ್ಟಿದ್ದ ರವದಿಗೆ ಬಿತ್ತು. ಕಾಕಾ ಹಸಿ ಗೋಣಿಚೀಲದಿಂದ ಬಡಿದು ಬಡಿದು ಆರಿಸಿದರು. ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ಬೈಸಿಕೊಳ್ಳಲು ತಯಾರಾಗಿ ನಿಂತೆ.

"ಇನ್ನ ಮ್ಯಾಲೆ ನಿನ್ನ ರವದಿ ನನಗ ಕೊಡ" ಅಂದರು.

"ಎಷ್ಟ ವರ್ಷ ಕಾಕಾ?"

"ನಾ ಸಾಕ ಅನ್ನೂತನಕ."

ದಂಡ ಹಾಕಿದರು ಎಂದುಕೊಂಡೆ. ತಪ್ಪು ನನ್ನದೇ, ಒಪ್ಪಿದೆ. ಎರಡು ವರ್ಷ ಆ ಮುದಿ ವಯಸ್ಸಿನಲ್ಲಿ ಕಾಕಾ ನನ್ನ ರವದಿ ಹೊತ್ತರು. ಬದುವಿಗೆ ಹತ್ತಿಕೊಂಡೇ ಅದಕ್ಕೆಂದು ಬೇರೆ ಗುಂಡಿ ತೋಡಿಸಿ, ಸಕ್ಕರೆ ಕಾರ್ಖಾನೆಯಲ್ಲಿ ರಸ ಸೋಸಿ ಉಳಿದ ಮಡ್ಡಿ ತಂದು ಅದರಲ್ಲಿ ಬೆರೆಸಿದರು.

"ನಿಮ್ಮ ಹೊಲಕ್ಕ ಒಂದ ಗುಂಡಿ ಸಾಲವಲ್ದೇನು?" ಎಂದು ಕೆಣಕಿದೆ.

"ನೀ ಮೊದಲ ನೀರ ಕಡಿಮಿ ಮಾಡ. ಹೊಲದ ಸುತ್ತ ಚರಿ ತೋಡ, ಉಪ್ಪಿನ ನೀರ ಬಸದ ಹೋಗ್ಲಿ."

ನಾನು ಕೇಳಿದ್ದೇನು, ಇವರು ಹೇಳುವುದೇನು! ಗೊಣಗುತ್ತಲೇ ಚರಿ ತೋಡಿದೆ.

ಮೂರನೆಯ ವರ್ಷ ಕಟಾವಿಗೆ ಮುಂಚೆ ಕಾಕಾ ಎದೆನೋವೆಂದು ಮಲಗಿದವರು ಏಳಲಿಲ್ಲ. ಕೆಲವು ವಾರದ ಮೇಲೆ ಅವರ ಹೆಂಡತಿ, ನಮ್ಮ ಕಾಕು, ಬದುವಿನ ಹತ್ತಿರ ಬಂದು ನಿಂತರು.

"ಯಾಕೋ, ಗುಂಡಿ ಖಾಲಿ ಮಾಡವಲ್ಲಿ?"

"ಅದು ನಿಮ್ದಲ್ಲ ಕಾಕು?"

"ನಿಂದೋ ಹುಚ್ಚಾ. ನಿನ್ನ ರವದಿ, ನಿನ್ನ ಗೊಬ್ಬರ. ಹಂಗ ಹೇಳಿದ್ರ ಅಂವಾ ಕೇಳೂದಿಲ್ಲ, ದಂಡ ಅಂದ್ಕೊಂಡ್ರ ಕೊಡ್ತಾನ ಅಂತಿದ್ರು ನಿಮ್ಮ ಕಾಕಾ."

ಸಲಿಕೆ ಹಾಕಿದೆ. ಕೊಳೆತ ರವದಿ ಚಹಾಪುಡಿಯ ಹಾಗೆ ಕರ್ರಗೆ ಉದುರಿತು. ಗುಂಡಿಯ ದಂಡೆಯ ಮೇಲೆ ಕೂತು ಅತ್ತುಬಿಟ್ಟೆ.

ಅದಷ್ಟನ್ನೂ ಹೊಲಕ್ಕೆ ಹರಡಿದೆ. ಆಮೇಲೂ ಪ್ರತಿ ವರ್ಷ ಗುಂಡಿ ತುಂಬಿಸಿದೆ. ಬಿಳುಪು ಒಮ್ಮೆಲೇ ಹೋಗಲಿಲ್ಲ, ಆದರೆ ಹೋಯಿತು. ಕಬ್ಬು ತಲೆ ಮೀರಿ ಬಂದ ವರ್ಷ ಅಣ್ಣ ಮಾರುವ ಮಾತು ಬಿಟ್ಟ.

ಹುಳದ ಮೇಲಿನ ಕರುಣೆಯೋ, ಮಣ್ಣಿನ ಜ್ಞಾನವೋ, ನನ್ನ ಮೇಲಿನ ಮಮತೆಯೋ, ಇವತ್ತಿಗೂ ಗೊತ್ತಿಲ್ಲ. ಈಗ ನನ್ನ ಮುಂಗೈಯಲ್ಲೂ ಗೀರು ತುಂಬಿವೆ. ರವದಿ ಯಾಕೆ ಸುಡುವುದಿಲ್ಲ ಎಂದು ಯಾರಾದರೂ ಕೇಳಿದರೆ ನಾನೂ ನಕ್ಕುಬಿಡುತ್ತೇನೆ.

"ಕಡ್ಡಿಪೆಟಗಿ ಮರತ ಬಂದೀನ್ರಿ" ಅನ್ನುತ್ತೇನೆ.